‘ಇನ್‌ಅಪ್ರೋಪ್ರಿಯೇಟ್’ ಅಂದರೆ ಎಷ್ಟು ತಪ್ಪು?

ಆಫೀಸಿನ ಇಂಗ್ಲಿಷಿನಲ್ಲಿ ನನಗೆ ಅತಿ ಹೆಚ್ಚು ಅನುಮಾನ ಹುಟ್ಟಿಸೋ ಪದ ‘ಇನ್‌ಅಪ್ರೋಪ್ರಿಯೇಟ್’. ಕ್ಲೈಂಟ್ ಮೀಟಿಂಗಿಗೆ ಚಡ್ಡಿ ಹಾಕ್ಕೊಂಡು ಬಂದರೂ ಇನ್‌ಅಪ್ರೋಪ್ರಿಯೇಟ್, ಸಹೋದ್ಯೋಗಿಯ ಮೈ ಮುಟ್ಟಿದರೂ ಇನ್‌ಅಪ್ರೋಪ್ರಿಯೇಟ್!

ಲ್ಯಾಟಿನ್ನಿನಲ್ಲಿ ‘ಪ್ರೊಪ್ರಿಯುಸ್’ ಅಂದರೆ ತನ್ನದೇ ಆದದ್ದು. ಈ ಪದದ ಬೇರು ಅಲ್ಲಿದೆ. ಹಾಗಾಗಿ ಅದು ಹೇಳೋದು ‘ಇದು ಇಲ್ಲಿಗೆ ಹೊಂದಲ್ಲ’ ಅಂತಷ್ಟೇ. ನಮ್ಮ ‘ಅನುಚಿತ’ಕ್ಕೆ ಹತ್ತಿರದ್ದು. ‘ರಾಂಗ್’, ‘ಡಿಸ್‌ಗ್ರೇಸ್‌ಫುಲ್’ ಅಂದಾಗ ಇರೋ ಖಾರ ಇದರಲ್ಲಿಲ್ಲ.

1998ರ ಆಗಸ್ಟ್ 17ರಂದು ಬಿಲ್ ಕ್ಲಿಂಟನ್ ಟೀವಿಯಲ್ಲಿ ಮೋನಿಕಾ ಲೆವಿನ್‌ಸ್ಕಿ ಜೊತೆಗಿನ ಸಂಬಂಧ ಒಪ್ಪಿಕೊಂಡಾಗ ಮೊದಲು ಬಂದದ್ದು ‘ನಾಟ್ ಅಪ್ರೋಪ್ರಿಯೇಟ್’. ಮುಂದಿನ ವಾಕ್ಯದಲ್ಲೇ ‘ರಾಂಗ್’. ಮೊದಲನೆಯದು ಸಾಲದು ಅಂತ ಅವರಿಗೂ ಅನ್ನಿಸಿರಬೇಕು.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯೋ ನಮ್ಮ 2013ರ ಕಾಯ್ದೆ ಆರಿಸಿಕೊಂಡ ಪದ ‘ಅನ್‌ವೆಲ್‌ಕಮ್’. ಬೇಡದ್ದು. ಯಾರಿಗೆ ಬೇಡ ಅಂತ ಕೇಳಲೇಬೇಕು, ಕೇಳಿದ ಕೂಡಲೇ ಆ ಹೆಣ್ಣುಮಗಳು ಕಣ್ಣೆದುರು ಬರುತ್ತಾಳೆ. ‘ಇನ್‌ಅಪ್ರೋಪ್ರಿಯೇಟ್’ನಲ್ಲಿ ಅವಳೇ ಇಲ್ಲ, ನಿಯಮ ಇದೆ, ಎಚ್‌ಆರ್ ಇದೆ.

ಹಾಗಂತ ಎಲ್ಲದಕ್ಕೂ ‘ನೀಚ ಕೆಲಸ’ ಅಂತ ಕೂಗಾಡಿ ಅಂತಲ್ಲ. ವಿಚಾರಣೆ ಮುಗಿಯೋವರೆಗೂ ಮೆತ್ತಗಿನ ಪದವೇ ನ್ಯಾಯ. ಆದರೆ ತಪ್ಪು ಸಾಬೀತಾದ ಮೇಲೂ ಮೇಲ್‌ನಲ್ಲಿ ಅದೇ ಪದ ಬಂದರೆ ನಾನು ಕೇಳೋದಿಷ್ಟು: ಅವನು ಯಾರಿಗೆ ಏನು ಮಾಡಿದ? ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರೋ ಒಂದು ವಾಕ್ಯ ಬರೀರಿ. ಇಂಗ್ಲಿಷಿನಲ್ಲಾದರೂ ಸರಿ.