ಹೆಸರು ಹೇಳಿದರೆ ಮದ್ದು ಸತ್ತೀತೆ?

ನಾಟಿ ಮದ್ದು ಕೊಡುವವರಲ್ಲಿ ಒಂದು ನಂಬಿಕೆಯುಂಟು: ಗಿಡದ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹೊರಟುಹೋಗುತ್ತದೆ. ಬೇರನ್ನು ಅರೆದು, ಬೆಲ್ಲದಲ್ಲೋ ಹಾಲಿನಲ್ಲೋ ಕಲಸಿ, ಗುರುತು ಸಿಗದಂತೆ ಮಾಡಿಯೇ ರೋಗಿಯ ಕೈಗಿಡುತ್ತಾರೆ. ಎಷ್ಟೋ ಮಂದಿ ಕಾಸು ಕೇಳುವುದಿಲ್ಲ. ಹೆಸರನ್ನಂತೂ ಹೇಳುವುದೇ ಇಲ್ಲ. ಪಟ್ಟಣದವರಾದ ನಾವು ಇದನ್ನು ಕೇಳಿ ನಗುತ್ತೇವೆ. ನನಗೂ ನಗು ಬರುವುದುಂಟು. ಆದರೆ ನಕ್ಕು ಮುಗಿದ ಮೇಲೆ ಒಂದು ಪ್ರಶ್ನೆ ಉಳಿದುಕೊಳ್ಳುತ್ತದೆ. ರೋಗ ನೀಗಬಲ್ಲ ತಿಳಿವಳಿಕೆಯನ್ನು ಬಚ್ಚಿಡುವ ಹಕ್ಕು ಯಾರಿಗಾದರೂ ಇದೆಯೆ? ಇಲ್ಲವೆನ್ನುವುದಾದರೆ, ಅದನ್ನು ಕೇಳಿ ಪಡೆಯುವವನಿಗೆ ಹೊಣೆಯೇನೂ ಇಲ್ಲವೆ?

ಮೊದಲು ಗುಟ್ಟಿನ ದೋಷವನ್ನು ನೋಡೋಣ. ಗುಟ್ಟು ಮನುಷ್ಯನೊಡನೆ ಮಣ್ಣಾಗುತ್ತದೆ. ನಾನು ಬಲ್ಲ ಮಲೆನಾಡಿನ ಒಂದು ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುತ್ತಿದ್ದ ಮುದುಕರೊಬ್ಬರಿದ್ದರು. ಮಗ ಬೆಂಗಳೂರಿನಲ್ಲಿ ನೌಕರಿ ಹಿಡಿದ. ಕಲಿಯುವ ಆಸೆ ತೋರಿದ ನೆರೆಮನೆಯ ಹುಡುಗನಿಗೆ ಮುದುಕರು ಹೇಳಿಕೊಡಲಿಲ್ಲ. ಅವರು ತೀರಿಕೊಂಡ ಮೇಲೂ ಗಿಡ ಬೇಲಿಯಲ್ಲೇ ಇದ್ದಿರಬೇಕು. ಅದು ಯಾವುದೆಂದು ಬಲ್ಲವರು ಇಲ್ಲವಾದರು.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಬಚ್ಚಿಟ್ಟ ಮದ್ದನ್ನು ಪರೀಕ್ಷಿಸಲು ಬರುವುದಿಲ್ಲ. ಕಾಮಾಲೆಯಲ್ಲಿ ಹಲವು ಬಗೆ. ಕೆಲವು ತಾವಾಗಿಯೇ ವಾಸಿಯಾಗುತ್ತವೆ, ಕೆಲವು ಕೊಲ್ಲುತ್ತವೆ. ವಾಸಿಯಾದದ್ದರ ಕೀರ್ತಿ ಮದ್ದಿಗೆ, ಸತ್ತದ್ದರ ಹೊಣೆ ಹಣೆಬರಹಕ್ಕೆ! ನೆಲನೆಲ್ಲಿಯ ಹೆಸರು ಊರಿಗೆಲ್ಲ ಗೊತ್ತಿದ್ದುದರಿಂದಲೇ ಅದನ್ನು ಒರೆಗೆ ಹಚ್ಚಲು ಸಾಧ್ಯವಾಯಿತು. ಹೆಪಟೈಟಿಸ್ ಬಿ ಸೋಂಕಿಗೆ ಅದು ಉಪಯುಕ್ತವಾದೀತೆಂದು ಆಶೆ ಹುಟ್ಟಿಸುವ ವರದಿಯೊಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಮೇಲೆ ನಡೆದ ಹಲವು ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ. ನಿರಾಶೆಯೇನೋ ಹೌದು. ಆದರೂ ಸುಳ್ಳು ಭರವಸೆಯಲ್ಲಿ ದಿನ ಕಳೆಯುವ ರೋಗಿಗೆ ಇಂಥ ನಿರಾಶೆಯೂ ಉಪಕಾರವೇ. ಗುಟ್ಟಿನ ಮರೆಯಲ್ಲಿ ಒಳ್ಳೆಯ ವೈದ್ಯನೂ ಮೋಸಗಾರನೂ ಒಂದೇ ರೀತಿ ಕಾಣುತ್ತಾರೆ.

ಇಷ್ಟಾದರೂ ಆ ಮುದುಕರ ಭಯವನ್ನು ಬರಿಯ ಮೌಢ್ಯವೆಂದು ನಾನು ತಳ್ಳಿಹಾಕಲಾರೆ. ಸರ್ಪಗಂಧಿಯ ಕಥೆ ನೋಡಿ. ಚಿತ್ತಭ್ರಮೆಗೂ ನಿದ್ರೆಗೂ ನಮ್ಮ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದ ಬೇರು ಅದು. ರಕ್ತದ ಒತ್ತಡದ ಮೇಲೆ ಅದರ ಗುಣವನ್ನು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಲೋಕದ ಎಷ್ಟೋ ರೋಗಿಗಳಿಗೆ ಉಪಕಾರವಾಯಿತು, ಸಂದೇಹವಿಲ್ಲ. ಆದರೆ ಗುಣವಿರುವುದು ಬೇರಿನಲ್ಲಿ. ಬೇರು ಬೇಕಾದರೆ ಗಿಡವನ್ನೇ ಕೀಳಬೇಕು. ಕಿತ್ತರು. ಕಾಡಿನಲ್ಲಿ ಗಿಡ ಅಪರೂಪವಾಯಿತು. ಕೊನೆಗೆ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ಕಡಿವಾಣ ಹಾಕಬೇಕಾಯಿತು. ಹೆಸರು ಹೇಳಿದರೆ ಮದ್ದು ಸಾಯುತ್ತದೆಂಬ ಮಾತು ಹೀಗೂ ನಿಜವಾಗಬಹುದು!

ನ್ಯಾಯದ ಪ್ರಶ್ನೆಯೂ ಇದೆ. ತಿರುವನಂತಪುರದ ಬಳಿಯ ಅಗಸ್ತ್ಯ ಬೆಟ್ಟಗಳಲ್ಲಿ 1987ರಲ್ಲಿ ಅಲೆದಾಡುತ್ತಿದ್ದ ಸಸ್ಯವಿಜ್ಞಾನಿಗಳು ದಣಿದು ಕುಳಿತರು; ದಾರಿ ತೋರಲು ಬಂದಿದ್ದ ಕಾಣಿ ಜನ ಒಂದು ಹಣ್ಣನ್ನು ತಿನ್ನುತ್ತ ದಣಿವಿಲ್ಲದೆ ನಡೆಯುತ್ತಿದ್ದರು. ಹೇಳಲು ಹಿಂಜರಿದರೂ ಕೊನೆಗೆ ಗಿಡವನ್ನು ತೋರಿಸಿದರು. ಅದೇ ಆರೋಗ್ಯಪಚ್ಚ. ಅದರಿಂದ ತಯಾರಾದ 'ಜೀವನಿ' ಔಷಧದ ಪರವಾನಗಿಗೆ ಕಂಪನಿಯೊಂದು 10 ಲಕ್ಷ ರೂಪಾಯಿ ತೆತ್ತಿತು. ಅದರಲ್ಲಿ ಅರ್ಧವೂ ರಾಜಧನದ ಅರ್ಧವೂ ಕಾಣಿಗಳಿಗೆಂದು ಗೊತ್ತಾಯಿತು. 1997ರಲ್ಲಿ ಅವರದೇ ಒಂದು ಟ್ರಸ್ಟು ಆಯಿತು. ಇದು ಮೆಚ್ಚತಕ್ಕ ಕೆಲಸ. ಆದರೂ ಕಾಣಿ ವೈದ್ಯರಲ್ಲಿ ಕೆಲವರು ಒಪ್ಪಲಿಲ್ಲ. ಕುಲದ ವಿದ್ಯೆಯನ್ನು ಇಬ್ಬರು ಮೂವರು ಹೇಳಿಬಿಡುವುದೆಂತು ಎಂಬುದು ಅವರ ಆಕ್ಷೇಪ. ಹಣದಿಂದ ಆ ಆಕ್ಷೇಪಕ್ಕೆ ಉತ್ತರ ಸಿಕ್ಕಿತೆಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮವೆ? ಅಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದು ಪೇಟೆಂಟು ಪಡೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿ ಅದನ್ನು ಪ್ರಶ್ನಿಸಿತು. 1997ರಲ್ಲಿ ಪೇಟೆಂಟು ರದ್ದಾಯಿತು. ಗೆದ್ದುಕೊಟ್ಟದ್ದು ಯಾವುದು? ಅಡಿಗೆಮನೆಯ ವಾಡಿಕೆ ಮಾತ್ರವಲ್ಲ; ಹಳೆಯ ಗ್ರಂಥಗಳಲ್ಲಿ, 1953ರ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚಾಗಿದ್ದ ಅಕ್ಷರ. ಎಲ್ಲರ ಮುಂದೆ ಹೇಳಿಟ್ಟದ್ದನ್ನು ಒಬ್ಬನು ತನ್ನದೆನ್ನಲು ಬರುವುದಿಲ್ಲ. ಬಚ್ಚಿಟ್ಟದ್ದಕ್ಕೆ ಸಾಕ್ಷಿಯೇ ಇಲ್ಲ.

ಆದುದರಿಂದ ಹೇಳಬೇಕೆಂದೇ ನನ್ನ ಮತ. ಆದರೆ ಹೇಳುವವನ ಧರ್ಮ ಎಷ್ಟೋ ಕೇಳುವವನ ಋಣವೂ ಅಷ್ಟೇ. ಮೊದಲನೆಯದು, ಹೇಳಿದವನ ಹೆಸರು ಉಳಿಸುವುದು. ಡಚ್ಚರ ವಾನ್ ರೀಡ್ 1678ರಲ್ಲಿ ಆಮ್‌ಸ್ಟರ್ಡಾಮಿನಲ್ಲಿ ಹೊರತಂದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ ಮೊದಲ ಸಂಪುಟದಲ್ಲಿ, ಗಿಡಗಳ ಗುಣ ತಿಳಿಸಿದ ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ ಹೇಳಿಕೆ ಅವನದೇ ಲಿಪಿಯಲ್ಲಿ ಅಚ್ಚಾಯಿತು. ವ್ಯಾಪಾರಕ್ಕೆ ಬಂದ ಕಂಪನಿಯ ಅಧಿಕಾರಿಗೆ ಇದ್ದ ಆ ಸೌಜನ್ಯ ನಮಗೂ ಇರಲಿ. ಎರಡನೆಯದು, ಗಿಡವನ್ನು ಉಳಿಸಿ ಬೆಳೆಸುವುದು. ಮೂರನೆಯದು, ಲಾಭವಾದರೆ ಪಾಲು ಕೊಡುವುದು, ಅದೂ ಕುಲದವರನ್ನೆಲ್ಲ ಕೇಳಿ.

ಇದು ಸರ್ಕಾರದ, ಕಂಪನಿಯ ಕೆಲಸವೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಬೇರು ಕೊಳ್ಳುವವರು, ಔಷಧಿ ಅಂಗಡಿಯಲ್ಲಿ ಗಿಡಮೂಲಿಕೆಯ ಸೀಸೆ ಕೊಳ್ಳುವವರು ನಾವೇ ಅಲ್ಲವೆ? ಬೆಲೆ ಎಷ್ಟೆಂದು ಕೇಳುವ ನಾವು, ಇದು ತೋಟದ್ದೋ ಕಾಡಿನಿಂದ ಕಿತ್ತದ್ದೋ ಎಂದೂ ಕೇಳಬಹುದು. ಕೇಳುವವರು ಹೆಚ್ಚಾದರೆ ಅಂಗಡಿಯವನೂ ಒಂದು ದಿನ ವಿಚಾರಿಸಿಯಾನು.