ಬಚ್ಚಲೊಲೆಯ ಮುಂದೆ ಒಂದು ಧರ್ಮಜಿಜ್ಞಾಸೆ

ವ್ರತವೆಂದ ಕೂಡಲೇ ನಮ್ಮ ಮನಸ್ಸು ಬಸದಿಯ ಕಡೆಗೆ, ಉಪವಾಸದ ತಿಥಿಗಳ ಕಡೆಗೆ, ತ್ಯಜಿಸಿದ ಪದಾರ್ಥಗಳ ಕಡೆಗೆ ಹರಿಯುತ್ತದೆ. ಬಚ್ಚಲುಮನೆಯ ಕಡೆಗೆ ಹರಿಯುವುದು ಅಪರೂಪ. ಆದರೆ ಗೃಹಸ್ಥನು ಬೆಳಗ್ಗೆ ಎದ್ದೊಡನೆ ನೀರನ್ನೂ ಬೆಂಕಿಯನ್ನೂ ಒಟ್ಟಿಗೆ ಉಪಯೋಗಿಸುವ ಮೊದಲ ಸ್ಥಳ ಅದೇ ಅಲ್ಲವೆ? ಜಲಕಾಯಿಕ, ಅಗ್ನಿಕಾಯಿಕ ಜೀವಗಳ ವಿಚಾರವನ್ನು ಸ್ವಾಧ್ಯಾಯದಲ್ಲಿ ಓದಿ ತಲೆದೂಗುವ ನಾವು, ಬಿಸಿನೀರಿನ ತಂಬಿಗೆಯನ್ನು ಕೈಗೆತ್ತಿಕೊಳ್ಳುವಾಗ ಅದನ್ನು ಮರೆಯುತ್ತೇವೆ. ಹಾಗೆ ಮರೆತವರಲ್ಲಿ ನಾನೂ ಒಬ್ಬನು. ಆ ಮರೆವು ನನಗೆ ಹೇಗೆ ತಿಳಿದುಬಂದಿತೆಂಬುದನ್ನು ಧರ್ಮಬಂಧುಗಳ ಮುಂದೆ ಆಲೋಚನೆಯ ರೂಪದಲ್ಲಿ ನಿವೇದಿಸಿಕೊಳ್ಳುತ್ತೇನೆ.

ನಮ್ಮ ಮನೆಯಿರುವುದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಿನ ಒಂದು ಹಳ್ಳಿಯಲ್ಲಿ. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ತೆರೆದ ಬಾವಿಗಳು ಬಹುಮಟ್ಟಿಗೆ ಬತ್ತಿವೆ. ಕೊಳವೆ ಬಾವಿಯ ನೀರು ಬಲು ಗಡಸು. ಕಳೆದ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಎರಡನೆಯ ದಿನ, ನಮ್ಮ ಬಚ್ಚಲುಮನೆಯ ಗೀಸರ್ ಕೆಟ್ಟುಹೋಯಿತು. ಪೇಟೆಯಿಂದ ಬಂದ ರಿಪೇರಿಯವನು ಅದನ್ನು ಬಿಚ್ಚಿ ತೋರಿಸಿದನು. ನೀರು ಕಾಯಿಸುವ ಕಾಯಿಲಿನ ಮೇಲೆ ಸುಣ್ಣವು ಬೆರಳುದಪ್ಪ ಕಟ್ಟಿಕೊಂಡಿತ್ತು. ಒಳಗಿನ ತೊಟ್ಟಿಯ ತಳವೂ ತೂತಾಗಿತ್ತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು ಕಾದಾಗ ಕಾರ್ಬನೇಟಾಗಿ ಬೇರ್ಪಟ್ಟು ಬಿಸಿ ಲೋಹಕ್ಕೆ ಅಂಟುತ್ತದೆ. ಪದರ ದಪ್ಪವಾದಂತೆ ಶಾಖವು ನೀರಿಗೆ ಸುಲಭವಾಗಿ ದಾಟಲಾರದೆ ಕಾಯಿಲು ತಾನೇ ಸುಟ್ಟುಹೋಗುತ್ತದೆ. ಇದನ್ನು ನಾನು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವನು. "ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿದ್ದರೆ ಇನ್ನೂ ಬಾಳುತ್ತಿತ್ತು, ಮೇಷ್ಟ್ರೇ" ಎಂದನು ಅವನು. ಏಳು ವರ್ಷಗಳಲ್ಲಿ ನಾನು ಒಮ್ಮೆಯೂ ತೊಳೆಸಿರಲಿಲ್ಲ. ಮೇಲಾಗಿ, ರಾತ್ರಿ ಮಲಗುವ ಮುನ್ನ ಗುಂಡಿಯನ್ನೊತ್ತಿ ಬೆಳಗಿನವರೆಗೂ ಹಾಗೆಯೇ ಬಿಡುವುದು ನನ್ನದೇ ಅಭ್ಯಾಸವಾಗಿತ್ತು.

ಹೊಸದನ್ನು ಕೊಳ್ಳುವವರೆಗೆ ಹಿತ್ತಿಲಿನ ಹಳೆಯ ತಾಮ್ರದ ಹಂಡೆಯನ್ನು ಮತ್ತೆ ಒಲೆಗೇರಿಸಿದೆವು. ಮನೆಯಲ್ಲಿ ನನ್ನ ಅಕ್ಕನವರಿದ್ದಾರೆ; ವಯಸ್ಸು ಎಪ್ಪತ್ತೆಂಟು. ಎರಡನೆಯ ಪ್ರತಿಮೆಯ ಹನ್ನೆರಡು ವ್ರತಗಳನ್ನು ಪಾಲಿಸುವವರು. ಪರ್ವದಲ್ಲಿ ಪಂಚಮಿ, ಅಷ್ಟಮಿ, ಚತುರ್ದಶಿಗಳಂದು ಉಪವಾಸ, ಉಳಿದ ದಿನಗಳಲ್ಲಿ ಏಕಭುಕ್ತ. ಅವರಿಗೆ ಮಂಡಿನೋವು ಇರುವುದರಿಂದ ತಣ್ಣೀರು ಆಗದು. ಅವರ ಸ್ನಾನ, ಪೂಜೆ ಹೊತ್ತಿಗೆ ಸರಿಯಾಗಿ ನಡೆಯಲೆಂದು ಸೊಸೆಯು ನಾಲ್ಕು ಗಂಟೆಗೇ ಎದ್ದು ಒಲೆ ಹಚ್ಚುತ್ತಿದ್ದಳು. ಉರುವಲೆಂದರೆ ಹಿತ್ತಿಲಲ್ಲಿ ಒಟ್ಟಿದ್ದ ಬಳ್ಳಾರಿ ಜಾಲಿಯ ಕಟ್ಟಿಗೆ ಮತ್ತು ಚಳ್ಳಕೆರೆಯಿಂದ ತರಿಸಿದ್ದ ಶೇಂಗಾ ಹೊಟ್ಟು. ಅಷ್ಟಮಿಯ ಮುಂಜಾನೆ ಮಳೆ ಹನಿಯುತ್ತಿತ್ತು. ಕತ್ತಲಲ್ಲಿ ಅವಳು ಒಲೆಗಿಟ್ಟ ಒಂದು ತುಂಡಿನ ಟೊಳ್ಳಿನಲ್ಲಿ ಇರುವೆಯ ಗೂಡಿತ್ತು. ಬೆಂಕಿ ತಾಗಿದೊಡನೆ ಇರುವೆಗಳು ಮೊಟ್ಟೆಗಳನ್ನು ಕಚ್ಚಿಕೊಂಡು ಹೊರಬಂದವು. ಅವಳು ಬರಿಗೈಯಿಂದ ಆ ತುಂಡನ್ನು ಎಳೆದು ನೀರು ಸುರಿಯುವಷ್ಟರಲ್ಲಿ ಬಹುಪಾಲು ಸತ್ತಿದ್ದವು. ಸಾಮಾಯಿಕ ಮುಗಿಸಿ ಹೊರಬಂದ ನನ್ನನ್ನು ಅವಳು ಸುಟ್ಟ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದಳು: "ಮಾವನವರೇ, ಉಪವಾಸ ದೊಡ್ಡತ್ತೆಯವರದು, ಒಲೆ ಹಚ್ಚಿದವಳು ನಾನು. ಈ ಪಾಪ ಯಾರ ಲೆಕ್ಕಕ್ಕೆ?"

ಆಗ ನಾನು ಕೊಟ್ಟುದು ಪುಸ್ತಕದ ಉತ್ತರ. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ; ಗೃಹಸ್ಥನು ಸಂಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆ; ಅಡುಗೆ, ಸ್ನಾನ ಮೊದಲಾದ ಮನೆಗೆಲಸಗಳಲ್ಲಿ ಘಟಿಸುವ ಆರಂಭೀ ಹಿಂಸೆಯನ್ನು ಅವನು ಪೂರ್ಣವಾಗಿ ತಪ್ಪಿಸಲಾರನು; ನೀನು ಕೊಲ್ಲಬೇಕೆಂದು ಕೊಲ್ಲಲಿಲ್ಲ, ಆದುದರಿಂದ ದುಃಖಿಸಬೇಡ, ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು. ಉತ್ತರದಲ್ಲಿ ತಪ್ಪಿರಲಿಲ್ಲ; ಆದರೆ ಅದು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಪಾಪವಿದೆಯೆ ಎಂದು ಅವಳು ಕೇಳಿರಲಿಲ್ಲ, ಯಾರದು ಎಂದು ಕೇಳಿದ್ದಳು.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಜೀವಾಧಿಕರಣದ ಭೇದಗಳನ್ನು ಹೇಳಿದ್ದಾರಷ್ಟೆ. ಸಂರಂಭ, ಸಮಾರಂಭ, ಆರಂಭ ಎಂದು ಮೂರು. ಮನ, ವಚನ, ಕಾಯ ಎಂದು ಮೂರು. ಕೃತ, ಕಾರಿತ, ಅನುಮತ ಎಂದು ಮೂರು. ಕ್ರೋಧಾದಿ ಕಷಾಯಗಳು ನಾಲ್ಕು. ಗುಣಿಸಿದರೆ 108. ಜಪಮಾಲೆಯ ಮಣಿಗಳನ್ನು ಎಣಿಸುವಾಗ ಈ ಲೆಕ್ಕ ನಮಗೆ ನೆನಪಾಗುತ್ತದೆ. ಮನೆಯ ಕೆಲಸವನ್ನು ಹಂಚುವಾಗ ನೆನಪಾಗುವುದಿಲ್ಲ. ಒಲೆ ಹಚ್ಚಿದವಳದು ಕೃತ. ಯಾರಿಗಾಗಿ ಹಚ್ಚಿತೋ, ಯಾರ ಏರ್ಪಾಡಿನಿಂದ ಹಚ್ಚಿತೋ ಅವರದು ಕಾರಿತ. ಬಿಸಿನೀರು ಸಿಕ್ಕಿತೆಂದು ಸುಮ್ಮನೆ ಸಂತೋಷಪಟ್ಟವರದು ಅನುಮತ. ಇದಲ್ಲದೆ ಪ್ರಮಾದದ ಯೋಗದಿಂದ ಪ್ರಾಣಹಾನಿಯಾಗುವುದೇ ಹಿಂಸೆಯೆಂದು ಅದೇ ಗ್ರಂಥದ ಏಳನೆಯ ಅಧ್ಯಾಯವು ಲಕ್ಷಣ ಹೇಳಿದೆ. ಹಾಗಾದರೆ ಆ ಮುಂಜಾನೆಯ ಪ್ರಮಾದ ಯಾರದು? ನಿದ್ದೆಗಣ್ಣಿನಲ್ಲಿ ಒಬ್ಬಳೇ ದುಡಿಯುತ್ತಿದ್ದವಳದೆ, ಅಥವಾ ಏಳು ವರ್ಷ ಯಂತ್ರವನ್ನು ನೋಡದೆ, ಕಟ್ಟಿಗೆಯನ್ನು ಹಗಲಿನಲ್ಲಿಯೇ ಶೋಧಿಸಿಡಬೇಕೆಂಬ ವಿವೇಕವೂ ಇಲ್ಲದೆ ಸಾಮಾಯಿಕಕ್ಕೆ ಕುಳಿತಿದ್ದ ನನ್ನದೆ? ಹೆಚ್ಚಿನ ಭಾಗ ನನ್ನ ಲೆಕ್ಕಕ್ಕೇ ಬರುತ್ತದೆಂಬುದರಲ್ಲಿ ನನಗೆ ಸಂದೇಹವಿಲ್ಲ.

ನಡೆದುದನ್ನು ಕೇಳಿ ಅಕ್ಕನವರು, "ನಾಳೆಯಿಂದ ನನಗಾಗಿ ಒಲೆ ಹಚ್ಚಬೇಡಿ, ತಣ್ಣೀರೇ ಸಾಕು" ಎಂದರು. ಒಂದು ದಿನ ಹಾಗೆ ಮಾಡಿಯೂ ಮಾಡಿದರು. ಸಂಜೆಗೆ ಮಂಡಿ ಊದಿ ಏಳಲಾಗಲಿಲ್ಲ. ಸೊಸೆಯ ದುಃಖ ಇಮ್ಮಡಿಯಾಯಿತು. ಹಿರಿಯರ ಸೇವೆ ಒಂದು ಕಡೆ, ಪ್ರಾಣಿದಯೆ ಇನ್ನೊಂದು ಕಡೆ, ಎರಡೂ ಧರ್ಮವೇ. ನಮ್ಮ ಊರಿನ ಬಂಡೆಯ ಮೇಲೆ ಇವೆರಡೂ ಒಟ್ಟಿಗೇ ಕೊರೆಯಲ್ಪಟ್ಟಿವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕಶಾಸನವು, ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಸಂದೇಶದಲ್ಲಿ, ತಾಯಿತಂದೆಯರ ಮಾತನ್ನು ನಡೆಸುವುದನ್ನೂ ಜೀವಿಗಳ ವಿಷಯದಲ್ಲಿ ದೃಢವಾಗಿರುವುದನ್ನೂ ಸತ್ಯ ನುಡಿಯುವುದನ್ನೂ ಒಂದೇ ಉಸಿರಿನಲ್ಲಿ ವಿಧಿಸುತ್ತದೆ. ಅಶೋಕನು ಬೌದ್ಧಧರ್ಮವನ್ನು ಆಶ್ರಯಿಸಿದವನಾದರೂ ಆ ಮಾತು ನಮಗೂ ಮಾನ್ಯವೇ. ದಯೆಗೆ ದೃಢತೆ ಬೇಕೆಂಬುದು ವಿಚಾರಯೋಗ್ಯ. ಇರುವೆಗಳನ್ನು ಕಂಡ ಕ್ಷಣ ಮರುಗುವುದು ಎಲ್ಲರಿಗೂ ಸಾಧ್ಯ. ಅವು ಕಣ್ಣಿಗೆ ಬೀಳದ ದಿನವೂ ಅದೇ ದಯೆ ನಮ್ಮ ಏರ್ಪಾಡುಗಳಲ್ಲಿ ಉಳಿಯುವುದೇ ದೃಢತೆ.

ಇನ್ನು ಉಪವಾಸದ ದಿನದ ಸ್ನಾನದ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಉಪವಾಸದಂದು ಐದು ಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪ, ಅಂಜನ, ನಸ್ಯಗಳನ್ನೂ ಸ್ನಾನವನ್ನೂ ಬಿಡಬೇಕೆಂದು ವಿಧಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಪ್ರೋಷಧದ ದಿನ ಪ್ರಾತಃಕ್ರಿಯೆಗಳನ್ನು ಮುಗಿಸಿ ಪ್ರಾಸುಕ ದ್ರವ್ಯಗಳಿಂದ ಜಿನಪೂಜೆ ಮಾಡಬೇಕೆಂದಿದ್ದಾರೆ. ಮೇಲುನೋಟಕ್ಕೆ ಇವು ಎರಡು ದಾರಿಗಳಂತೆ ಕಂಡರೂ ನನ್ನ ಅಲ್ಪಮತಿಗೆ ವಿರೋಧ ತೋರುವುದಿಲ್ಲ. ಪೂಜೆಗೆ ಬೇಕಾದಷ್ಟು ಶುದ್ಧಿ ಒಂದು. ದೇಹಕ್ಕೆ ಹಿತವೆನಿಸುವವರೆಗೆ ಬಿಸಿನೀರು ಸುರಿದುಕೊಳ್ಳುವ ಸುಖ ಇನ್ನೊಂದು. ಮೊದಲನೆಯದಕ್ಕೆ ನಾಲ್ಕು ತಂಬಿಗೆ ಸಾಕು. ಎರಡನೆಯದಕ್ಕೆ ಹಂಡೆ ತುಂಬಿದರೂ ಸಾಲದು. ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದೆಂಬುದನ್ನು ನೆನೆದರೆ, ನಮಗೆ ಸ್ನಾನವು ಒಂದು ಅನುಮತಿ ಮಾತ್ರವೆಂದು ತಿಳಿಯುತ್ತದೆ. ಅನುಮತಿಗೆ ಪರಿಮಾಣವಿರಬೇಕು. ಭೋಗೋಪಭೋಗಪರಿಮಾಣವ್ರತದಲ್ಲಿ ನಾವು ತಿನ್ನುವ ಪದಾರ್ಥಗಳನ್ನು ಎಣಿಸುತ್ತೇವೆ, ಉಡುವ ಬಟ್ಟೆಯನ್ನು ಎಣಿಸುತ್ತೇವೆ. ಬಿಸಿನೀರಿನ ಬಕೆಟ್ಟನ್ನು ಎಣಿಸಿದವರು ಎಷ್ಟು ಮಂದಿ?

ಈ ವಿಚಾರ ಸ್ಪಷ್ಟವಾದ ಮೇಲೆಯೇ ಯಾವ ಸಾಧನವನ್ನು ಕೊಳ್ಳಬೇಕೆಂಬ ಮಾತಿಗೆ ಬಂದೆವು. ಮಗನು ಹೊಸ ಗೀಸರ್ ತರೋಣವೆಂದನು. ಸೌದೆಯಂತೆ ಅದರಲ್ಲಿ ಹೊಗೆಯಿಲ್ಲ, ಇರುವೆ ಗೆದ್ದಲುಗಳ ಭಯವಿಲ್ಲ. ವಿದ್ಯುತ್ತು ಸಚಿತ್ತ ಅಗ್ನಿಯೆ ಅಚಿತ್ತವೆ ಎಂಬ ವಾದವನ್ನು ಇಲ್ಲಿ ಬದಿಗಿಡುತ್ತೇನೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 1 ಯುನಿಟ್ ಬೇಕು. ಆ ಯುನಿಟ್ಟಿನಲ್ಲಿ ಒಂದು ಪಾಲು ನಮ್ಮ ಜಿಲ್ಲೆಯ ಗುಡ್ಡಗಳ ಗಾಳಿಯಂತ್ರದಿಂದ ಬಂದಿರಬಹುದು, ಇನ್ನೊಂದು ಪಾಲು 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ರಾಯಚೂರಿನ ಶಾಖೋತ್ಪನ್ನ ಕೇಂದ್ರದಿಂದ ಬಂದಿರಬಹುದು. ಸೌದೆಯೊಲೆಯಲ್ಲಿ ಸಾಯುವ ಜೀವ ಕಣ್ಣೆದುರು ಸಾಯುತ್ತದೆ. ಗುಂಡಿಯನ್ನೊತ್ತಿದಾಗ ಆಗುವ ಆರಂಭವು ನೂರಾರು ಮೈಲಿ ದೂರದಲ್ಲಿ ನಡೆಯುತ್ತದೆ. ಕಾಣದಿರುವುದರಿಂದ ಅದು ಇಲ್ಲವಾಗುವುದಿಲ್ಲ. ಯಾರೂ ಮೀಯದ ನೀರನ್ನು ರಾತ್ರಿಯಿಡೀ ಕಾಯಿಸಿದ ನನ್ನ ಅಭ್ಯಾಸಕ್ಕೆ ಶಾಸ್ತ್ರದಲ್ಲಿ ಹೆಸರೂ ಇದೆ. ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು ಪ್ರಮಾದಚರ್ಯೆ. ಅದು ಅನರ್ಥದಂಡಗಳಲ್ಲಿ ಒಂದು. ಇರುವೆಯ ಗೂಡಿಗೆ ತಿಳಿಯದೆ ಬೆಂಕಿಯಿಟ್ಟ ಸೊಸೆಯು ಅತ್ತಳು. ತಿಳಿದೂ ಪ್ರತಿರಾತ್ರಿ ಉರಿಸಿದ ನಾನು ನಿಶ್ಚಿಂತೆಯಿಂದ ನಿದ್ರಿಸಿದೆ.

ಕೊನೆಗೆ ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಸೋಲಾರ್ ಸಾಧನವನ್ನು ಹಾಕಿಸಿದೆವು. ಈ ಸೀಮೆಯಲ್ಲಿ ಮಳೆಗೆ ಬರ, ಬಿಸಿಲಿಗೆ ಬರವಿಲ್ಲ. ಇದಕ್ಕೆ ಶಾಸ್ತ್ರದ ಒಂದು ಆಧಾರವನ್ನೂ ಕಂಡೆ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೋಮ್ಮಟಸಾರಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡ ವೃತ್ತಿಯನ್ನು ಬರೆದು ನಮ್ಮ ನಾಡಿಗೆ ಉಪಕಾರ ಮಾಡಿದ್ದಾನೆ. ಆ ಗ್ರಂಥದ ಕರ್ಮಕಾಂಡದಲ್ಲಿ ಅಗ್ನಿಗೂ ಆತಪಕ್ಕೂ ಭೇದ ಹೇಳಿದೆ: ಅಗ್ನಿಯು ಮೂಲದಲ್ಲಿಯೂ ಉಷ್ಣ, ಪ್ರಭೆಯಲ್ಲಿಯೂ ಉಷ್ಣ, ಸೂರ್ಯಬಿಂಬದ ಆತಪದಲ್ಲಿ ಪ್ರಭೆ ಮಾತ್ರ ಉಷ್ಣ. ಬಿಸಿಲಿನಿಂದ ನೀರು ಕಾಯಿಸುವವನು ಹೊಸದಾಗಿ ಬೆಂಕಿಯನ್ನು ಹೊತ್ತಿಸುವುದಿಲ್ಲ, ನಂದಿಸುವುದೂ ಇಲ್ಲ. ಆದರೆ ಇದನ್ನೇ ಹಿಡಿದು ಇದು ಅಹಿಂಸಾಯಂತ್ರವೆಂದು ಹೊಗಳುವುದು ಸಲ್ಲದು. ಗಾಜು, ಉಕ್ಕುಗಳು ಕುಲುಮೆಯಲ್ಲಿಯೇ ಹುಟ್ಟುತ್ತವೆ. ಜಲಕಾಯಿಕ ಜೀವಗಳಿಗೆ ಶಾಖವು ಎಲ್ಲಿಂದ ಬಂದರೂ ಶಸ್ತ್ರವೇ. ಗಾಳಿಸದ ನೀರು ಕಾದರೆ ಅದರಲ್ಲಿರುವ ತ್ರಸಜೀವಗಳೂ ಸಾಯುತ್ತವೆ. ಆದುದರಿಂದ ಮೇಲಿನ ತೊಟ್ಟಿಗೆ ನೀರು ಬೀಳುವಲ್ಲಿ ಇಮ್ಮಡಿ ಮಡಿಚಿದ ದಪ್ಪ ಬಟ್ಟೆಯನ್ನು ಕಟ್ಟಿದ್ದೇವೆ. ಬಟ್ಟೆಯಲ್ಲಿ ಉಳಿದುದನ್ನು ಕೊಳವೆ ಬಾವಿಯ ಆಳಕ್ಕೆ ಮರಳಿಸುವ ಉಪಾಯವಿಲ್ಲ. ಆ ಕೊರತೆಯನ್ನು ಮುಚ್ಚಿಡಲಾರೆ. ಅಕ್ಕನವರ ಆಹಾರಕ್ಕೂ ಪೂಜೆಗೂ ಹಿಂದಿನಂತೆಯೇ ತೋಟದ ಬಾವಿಯಿಂದ ಸೇದಿ ತಂದ ನೀರೇ. ಅದನ್ನು ಗಾಳಿಸಿ, ಬಟ್ಟೆಯಲ್ಲಿ ಉಳಿದುದನ್ನು ಅದೇ ಬಾವಿಗೆ ಮೆಲ್ಲನೆ ಇಳಿಸುತ್ತೇವೆ. ಗಾಳಿಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಕುದಿಸಿದ ನೀರಿಗೆ 24 ಗಂಟೆ ಎಂಬ ಮರ್ಯಾದೆಯು ಎಲ್ಲರಿಗೂ ತಿಳಿದುದೇ.

ಸೋಲಾರಿನಲ್ಲಿ ಇನ್ನೊಂದು ಅಪಾಯವುಂಟು. ಬಿಲ್ಲು ಬರುವುದಿಲ್ಲ, ಸೌದೆ ಒಡೆಯಬೇಕಾಗಿಲ್ಲ, 100 ಲೀಟರ್ ಬಿಸಿನೀರು ಸದಾ ಸಿದ್ಧ. ಕಷ್ಟವಿಲ್ಲದೆ ಬಂದುದನ್ನು ಮನುಷ್ಯನು ಚೆಲ್ಲುತ್ತಾನೆ. ಆದುದರಿಂದ ಸಾಧನ ಬರುವ ಮೊದಲೇ ನಿಯಮ ಮಾಡಿಕೊಂಡೆವು. ಒಬ್ಬರಿಗೆ ದಿನಕ್ಕೆ ಒಂದು ಬಕೆಟ್ಟು. ಉಪವಾಸದ ದಿನ ಪೂಜಾಶುದ್ಧಿಗೆ ನಾಲ್ಕು ತಂಬಿಗೆ ಮಾತ್ರ. ಮೋಡ ಕವಿದ ದಿನ ಬೆಚ್ಚಗಿನ ನೀರಿಗೆ ತೃಪ್ತಿ. ಅಕ್ಕನವರಿಗೆ ಹೆಚ್ಚು ಬಿಸಿ ಬೇಕಾದ ದಿನ ಒಲೆ ಹಚ್ಚುವವನು ನಾನು ಇಲ್ಲವೆ ಮಗ; ಕಟ್ಟಿಗೆಯನ್ನು ಹಿಂದಿನ ದಿನ ಹಗಲಿನಲ್ಲಿ ತಟ್ಟಿ ನೋಡಿ ಒಣಜಾಗದಲ್ಲಿ ಇಡತಕ್ಕದ್ದು, ಟೊಳ್ಳು ತುಂಡುಗಳನ್ನು ಒಲೆಗೆ ತರಕೂಡದು. ವರ್ಷಕ್ಕೊಮ್ಮೆ, ಪರ್ವಕ್ಕೆ ಮುನ್ನ, ಸುಣ್ಣ ಕಟ್ಟಿದ ಕೊಳವೆಗಳನ್ನು ತೊಳೆಸತಕ್ಕದ್ದು. ಈ ಕೊನೆಯ ನಿಯಮವು ವ್ರತಗಳ ಪುಸ್ತಕದಲ್ಲಿ ಇಲ್ಲವೆಂದು ಯಾರಾದರೂ ನಕ್ಕಾರು. ಅಪ್ರಮಾದಕ್ಕೆ ನಮ್ಮ ಮನೆಯಲ್ಲಿ ಬಂದ ರೂಪ ಅದು.

ನಮ್ಮ ಕುಟುಂಬಗಳಲ್ಲಿ ಉಪವಾಸ ಮಾಡುವವರನ್ನು ಗೌರವಿಸುತ್ತೇವೆ, ಪಾರಣೆಯ ದಿನ ಸನ್ಮಾನಿಸುತ್ತೇವೆ, ಅದು ಯುಕ್ತವೇ. ಆ ಉಪವಾಸಕ್ಕಾಗಿ ನಾಲ್ಕು ಗಂಟೆಗೆ ಎದ್ದವರು ಯಾರು, ನೀರು ಹೊತ್ತವರು ಯಾರು, ಪಾರಣೆಯ ಅಡುಗೆಯ ಹೊಗೆಯನ್ನು ಕುಡಿದವರು ಯಾರು ಎಂದು ಕೇಳುವುದಿಲ್ಲ. ಒಬ್ಬರ ನಿವೃತ್ತಿಯು ಇನ್ನೊಬ್ಬರ ಆರಂಭವನ್ನು ಹೆಚ್ಚಿಸಿದರೆ ಮನೆಯ ಒಟ್ಟು ಲೆಕ್ಕದಲ್ಲಿ ಹಿಂಸೆ ತಗ್ಗಿತೆ? ವ್ರತ ಹಿಡಿಯುವವರು ಹಿಡಿಯುವ ಮುನ್ನ, ತಮ್ಮ ವ್ರತವು ಯಾರ ಕೈಯಿಂದ ನಡೆಯುತ್ತದೆಂದು ಒಮ್ಮೆ ವಿಚಾರಿಸಿಕೊಂಡರೆ ಒಳಿತು.

ಭಾದ್ರಪದ ಬಹುಳ ಪಾಡ್ಯದ ಕ್ಷಮಾವಣಿಯಂದು ಮನೆಯವರೆಲ್ಲ ರೂಢಿಯಂತೆ ಪರಸ್ಪರ ಕ್ಷಮೆ ಕೇಳಿದೆವು. ಕಿರಿಯರು ಹಿರಿಯರಿಗೆ ನಮಸ್ಕರಿಸಿ ಕೇಳುವುದು ವಾಡಿಕೆ. ಸೊಸೆಯು ಬಾಗುವ ಮೊದಲೇ ನಾನು ಕೈಮುಗಿದು, "ಅಂದು ನೀನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ, ತಾಯಿ. ಆ ಪಾಪದಲ್ಲಿ ದೊಡ್ಡ ಪಾಲು ನನ್ನದು, ಕ್ಷಮಿಸು" ಎಂದೆ. ಅವಳು ಏನೂ ಹೇಳದೆ ಅಕ್ಕನವರ ಕಡೆಗೆ ನೋಡಿದಳು. ಅಕ್ಕನವರು ಅವಳ ಕೈಯನ್ನು ಹಿಡಿದು, ಸುಟ್ಟ ಕಲೆ ಮಾಯಿತೆ ಎಂದು ನೋಡುತ್ತಿದ್ದರು.