ಜೀರ್ಣೋದ್ಧಾರದ ಧರ್ಮ

ಹಳೆಯದನ್ನು ಸರಿಪಡಿಸಿ ಬಾಳಿಸುವುದು ಲೇಸೋ, ಅದನ್ನು ಬಿಟ್ಟು ಹೊಸದನ್ನು ಕೊಳ್ಳುವುದು ಲೇಸೋ ಎಂಬ ಪ್ರಶ್ನೆ ಪ್ರತಿಯೊಂದು ಮನೆಯಲ್ಲಿಯೂ ಒಮ್ಮೆ ಏಳತಕ್ಕದ್ದೇ. ಹಿಂದೆ ಅದು ಮಾಳಿಗೆಯ ತೊಲೆ, ಬಂಡಿಯ ಗಾಲಿ, ಬಾವಿಯ ಕಟ್ಟೆಗಳ ವಿಷಯವಾಗಿ ಏಳುತ್ತಿತ್ತು. ಈಗ ಲ್ಯಾಪ್‌ಟಾಪಿನ ವಿಷಯವಾಗಿ ಏಳುತ್ತಿದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಯಂತ್ರವು ನಿಧಾನವಾಗಿದೆ. ಮಕ್ಕಳ ಪಾಠಕ್ಕೂ ಹಿರಿಯರ ಲೆಕ್ಕಪತ್ರಕ್ಕೂ ಅದೇ ಬೇಕು. ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕುಗಳನ್ನು ಬದಲಾಯಿಸಿದರೆ ಅದು ಇನ್ನೂ ಕೆಲವು ವರ್ಷ ನಡೆದೀತೆಂದು ಒಬ್ಬರು ಹೇಳುವರು. ಒಳಗಿನದೆಲ್ಲ ಬದಲಾದ ಮೇಲೆ ಉಳಿಯುವುದಾದರೂ ಏನು, ಇದು ವೃಥಾ ವ್ಯಾಮೋಹವೆಂದು ಮತ್ತೊಬ್ಬರು ಹೇಳುವರು. ಮೇಲುನೋಟಕ್ಕೆ ಇದು ಹಣದ ಮಾತು; ವಿಚಾರಿಸಿದರೆ ಇದರೊಳಗೆ ಧರ್ಮದ ಮಾತೂ ಅಡಗಿದೆ.

ಅಂಗಗಳೆಲ್ಲ ಬದಲಾದರೆ ವಸ್ತು ಅದೇ ಆಗಿ ಉಳಿಯುವುದೇ? ಅಥೆನ್ಸಿನ ಜನರು ಥೀಸಿಯಸ್ಸನ ಹಡಗಿನ ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಜೋಡಿಸುತ್ತ ಬಂದರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರಲ್ಲಿ ವಾದ ಹುಟ್ಟಿತೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ಹೊಸಪೇಟೆಯ ಸೀಮೆಯವರು ಉತ್ತರಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಹಂಪೆಯಲ್ಲಿ ವಿಜಯವಿಠ್ಠಲನ ಗುಡಿಯ ಕಂಬಗಳೂ ಕಲ್ಲಿನ ರಥವೂ ಜಗತ್ಪ್ರಸಿದ್ಧವಾಗಿವೆ. ಆದರೆ ಗರ್ಭಗುಡಿಯಲ್ಲಿ ದೀಪವಿಲ್ಲ. ವಿರೂಪಾಕ್ಷನ ಗುಡಿಯಾದರೋ ಸಾಮ್ರಾಜ್ಯಕ್ಕಿಂತ ಮೊದಲೇ ಇದ್ದು, ಬೆಳೆಯುತ್ತ, ದುರಸ್ತಿಯಾಗುತ್ತ ಬಂದುದು. 1510ರ ಶಾಸನವು ಕೃಷ್ಣದೇವರಾಯನು ಅಲ್ಲಿ ರಂಗಮಂಟಪವನ್ನು ಕಟ್ಟಿಸಿದ್ದನ್ನು ಹೇಳುತ್ತದೆ. ಆಮೇಲೆಯೂ ಎಷ್ಟೋ ಕೈಗಳು ಅದರ ಗೋಪುರಗಳನ್ನು ಮುಟ್ಟಿವೆ. ಅಲ್ಲಿ ಇಂದಿಗೂ ದಿನದಿನವೂ ಪೂಜೆ ನಡೆಯುತ್ತಿದೆ. ಮೊದಲನೆಯದು ನೋಡುವುದಕ್ಕಾಗಿ ಉಳಿದಿದೆ, ಎರಡನೆಯದು ನಡೆಯುವುದಕ್ಕಾಗಿ ಉಳಿದಿದೆ. ಲ್ಯಾಪ್‌ಟಾಪು ನೋಡುವುದಕ್ಕಾಗಿ ಇಟ್ಟುಕೊಳ್ಳುವ ವಸ್ತುವಲ್ಲ. ಅದರ ಕೆಲಸವು ನಡೆಯುತ್ತಿರುವವರೆಗೆ ಅಂಗಗಳು ಬದಲಾದರೂ ಅದು ಆ ಮನೆಯ ಯಂತ್ರವೇ. ಆದಕಾರಣ, ಉಳಿಯುವುದೇನೆಂಬ ಪ್ರಶ್ನೆಗೆ ವೃತ್ತಿಯೇ ಉಳಿಯುವುದೆಂಬುದು ಸಮಾಧಾನ.

ಇಷ್ಟರಿಂದಲೇ ಸಿಕ್ಕಿದ್ದನ್ನೆಲ್ಲ ಬದಲಾಯಿಸತಕ್ಕದ್ದೆಂದು ಆಗುವುದಿಲ್ಲ. ನ್ಯೂನತೆ ಯಾವ ಅಂಗದಲ್ಲಿದೆಯೆಂದು ತಿಳಿಯುವುದು ಮೊದಲನೆಯ ಕರ್ತವ್ಯ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಗಳು ತಿರುಗಬೇಕು, ಅವುಗಳ ಮೇಲೆ ಕಡ್ಡಿಯೊಂದು ಚಲಿಸಿ ಮಾಹಿತಿಯನ್ನು ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೊಂದೂ ಇಲ್ಲ. ಆದುದರಿಂದ ಈ ಒಂದೇ ಬದಲಾವಣೆಯಿಂದ ಯಂತ್ರಕ್ಕೆ ಹೊಸ ಜೀವ ಬಂದಂತೆ ಆಗುವುದುಂಟು. ಮೆಮೊರಿ ಸಾಲದಾದಾಗ ಯಂತ್ರವು ತುಂಬಿ ಮಿಕ್ಕಿದ್ದನ್ನು ಡಿಸ್ಕಿಗೆ ಹೊತ್ತು ಹಾಕಿ ಮತ್ತೆ ತರುತ್ತಿರುತ್ತದೆ. 4 ಜಿಬಿ ಇದ್ದಲ್ಲಿ 8 ಜಿಬಿ ಆದರೆ ಈ ಹೊರೆ ಬಹುಮಟ್ಟಿಗೆ ತಪ್ಪುವುದು. ಮಿದುಳೆಂದು ಎಲ್ಲರೂ ಹೊಗಳುವ ಪ್ರೊಸೆಸರನ್ನು ಬದಲಾಯಿಸುವುದರಿಂದ ಶ್ರಮ ಹೆಚ್ಚು, ಫಲ ಅಲ್ಪ. ಹಳೆಯ ಯಂತ್ರಗಳಲ್ಲಿ ಅದು ಬಿಚ್ಚುವಂತಿದ್ದರೂ, ಆ ಮದರ್‌ಬೋರ್ಡು ಗುರುತಿಸುವ, ಆ ಫ್ಯಾನು ತಣಿಸಬಲ್ಲ ಕೆಲವೇ ಪ್ರೊಸೆಸರುಗಳು ಅಲ್ಲಿ ನಡೆಯುವುವು. ದೊಡ್ಡ ಹೆಸರಿನ ಅಂಗವೇ ದೋಷಕ್ಕೆ ಮೂಲವೆಂದು ತಿಳಿಯುವುದು ಲೋಕದಲ್ಲಿ ಸಾಮಾನ್ಯವಾದ ಭ್ರಾಂತಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ರೈತರು ಕಂಗೆಟ್ಟರು. ಆಗ ಯಾರೂ ಅಣೆಕಟ್ಟೆಯೇ ಹಳತಾಯಿತೆಂದು ಅದನ್ನು ಬಿಡಲಿಲ್ಲ; ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಗಳನ್ನು ಇಳಿಸಿ ಕೆಲವೇ ದಿನಗಳಲ್ಲಿ ಆ ಬಾಯನ್ನು ಮುಚ್ಚಿದರು. ಒಂದು ಗೇಟು ಮುಚ್ಚಿತೆಂದು ಸುಮ್ಮನಾಗುವುದೂ ಉಚಿತವಾಗಿರಲಿಲ್ಲ. ಮಿಕ್ಕವೂ ಅದೇ ವಯಸ್ಸಿನವು. ಪರೀಕ್ಷಿಸಿದ ತಜ್ಞರು 33 ಗೇಟುಗಳನ್ನೂ ಬದಲಾಯಿಸಬೇಕೆಂದರು. ಕಟ್ಟೆ ಗಟ್ಟಿಯಾಗಿದ್ದರೆ ಬಾಗಿಲನ್ನು ಬದಲಾಯಿಸತಕ್ಕದ್ದು. ಬಾಗಿಲುಗಳ ಆಯುಸ್ಸು ಮುಗಿದಿದ್ದರೆ ಮೋಹದಿಂದ ಕಾಯತಕ್ಕದ್ದಲ್ಲ. ಜೀರ್ಣೋದ್ಧಾರದ ವಿವೇಕಕ್ಕೆ ಈ ಎರಡು ಮುಖಗಳೂ ಇರಬೇಕು.

ದೇವಾಲಯಕ್ಕೆ ಅಧಿಷ್ಠಾನವಿದ್ದಂತೆ ಲ್ಯಾಪ್‌ಟಾಪಿಗೆ ಮದರ್‌ಬೋರ್ಡು. ಅಧಿಷ್ಠಾನವು ಹೊರಲಾರದ ಗೋಪುರವನ್ನು ಯಾವ ಶಿಲ್ಪಿಯೂ ಎತ್ತಲಾರನು. ಡಿಡಿಆರ್3 ಮೆಮೊರಿಗಾಗಿ ಮಾಡಿದ ತೋಡಿನಲ್ಲಿ ಡಿಡಿಆರ್4 ಕೂಡುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ರಕ್ಷಣೆಯು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬಹುಪಾಲು ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸನ್ನು ಹಾಕಿ ನಡೆಸುವ ದಾರಿ ಇದೆ. ಅದು ಮನೆಯ ಕೆಲಸಕ್ಕೆ ಒಗ್ಗದಿದ್ದರೆ ಅಲ್ಲಿಗೆ ನಿಲ್ಲಿಸುವುದೇ ಸರಿ. ಬ್ಯಾಂಕಿನ ವ್ಯವಹಾರವನ್ನು ರಕ್ಷಣೆಯಿಲ್ಲದ ಯಂತ್ರದಲ್ಲಿ ನಡೆಸಿ ಮನೆಯವರೆಲ್ಲರನ್ನು ಅಪಾಯಕ್ಕೆ ಒಡ್ಡುವುದು ಮಿತವ್ಯಯವೆನಿಸದು.

ಇನ್ನೊಂದು ಆಕ್ಷೇಪವುಂಟು. ಕೊಳ್ಳುವ ಶಕ್ತಿಯುಳ್ಳವನು ಹೊಸದನ್ನು ಕೊಂಡರೆ ಅದರಿಂದ ಯಾರಿಗೆ ನಷ್ಟ? ಹಣವು ಅವನದು, ನಿಜ. ಆದರೆ ಲೋಹವು ಎಲ್ಲಿಯದು? ಗುಡ್ಡಗಳು ಹೇಗೆ ಕರಗುವುವೆಂಬುದನ್ನು ಸಂಡೂರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ತಡೆಯಬೇಕಾಗಿ ಬಂತು. ಲ್ಯಾಪ್‌ಟಾಪಿನ ತಾಮ್ರವೂ ಕೋಬಾಲ್ಟೂ ಇನ್ನಾರದೋ ಊರಿನ ನೆಲದಿಂದ ಬಂದುವು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ನುಗಳಷ್ಟು ವಿದ್ಯುನ್ಮಾನ ಕಸ ಹುಟ್ಟಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಪಾಲಿಗೂ ಕಡಮೆಯೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಬೆಲೆ ಕೊಟ್ಟವನು ಅಂಗಡಿಯ ಋಣವನ್ನು ತೀರಿಸಬಹುದು. ಆ ನೆಲದ ಋಣ ಅಷ್ಟರಿಂದ ತೀರುವುದಿಲ್ಲ.

ತಯಾರಕರ ಹೊಣೆಯನ್ನೂ ಇಲ್ಲಿ ಮರೆಯಲಾಗದು. ವಿಜಯನಗರದ ಕಾಲದ ತುರ್ತು ಕಾಲುವೆ, ಕಂಪ್ಲಿಯ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಅವು ಇಷ್ಟು ಕಾಲ ಬಾಳಿದ್ದು ಕಟ್ಟಿದವರ ಜಾಣ್ಮೆಯೊಂದರಿಂದಲೇ ಅಲ್ಲ. ಹೂಳನ್ನು ತೆಗೆಯುವ, ಒಡೆದ ಬದುವನ್ನು ಕಟ್ಟುವ ಕೈಗಳಿಗೆ ಅವು ತೆರೆದಿದ್ದುವು. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ ಮಾತ್ರವಲ್ಲದೆ ಮೆಮೊರಿಯನ್ನೂ ಬೋರ್ಡಿಗೇ ಬೆಸೆದುಬಿಡುತ್ತಾರೆ. ತೆಳುವಾಗಿಯೂ ವೇಗವಾಗಿಯೂ ಮಾಡಲು ಅದು ಅನುಕೂಲವೆಂಬುದು ಸುಳ್ಳಲ್ಲ. ಆದರೆ ಬಿಚ್ಚಬಾರದ ವಸ್ತುವನ್ನು ಕೊಂಡವನು ಅರ್ಧ ಒಡೆಯನು ಮಾತ್ರ. 2022ರ ಡಿಸೆಂಬರಿನಲ್ಲಿ ಭಾರತ ಸರ್ಕಾರವು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದುದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಕೊಳ್ಳುವಾಗಲೇ ಇದನ್ನು ಬಿಚ್ಚಬಹುದೇ ಎಂದು ಕೇಳುವ ಗಿರಾಕಿಯದು ಮತ್ತೊಂದು.

ಕೊನೆಗೆ, ಹೊರತೆಗೆದ ಅಂಗಗಳ ವಿಷಯ. ಹಳೆಯ ಡಿಸ್ಕಿನಲ್ಲಿ ಮನೆಯ ಚಿತ್ರಗಳೂ ಪತ್ರಗಳೂ ಲೆಕ್ಕಗಳೂ ಇರುತ್ತವೆ. ಅವುಗಳನ್ನು ಹೊಸದಕ್ಕೆ ಸಾಗಿಸಿ, ಹಳೆಯದನ್ನು ಪೂರ್ಣವಾಗಿ ಅಳಿಸಿ, ಸಂಗ್ರಹಣೆಯ ಕೇಂದ್ರಕ್ಕೆ ಒಪ್ಪಿಸತಕ್ಕದ್ದು, ತಿಪ್ಪೆಗೆ ಎಸೆಯತಕ್ಕದ್ದಲ್ಲ. ಸರಿಪಡಿಸಿದ ಯಂತ್ರವು ಮನೆಗೆ ಬೇಡವಾದರೆ ಕಲಿಯುವ ಮತ್ತೊಂದು ಮಗುವಿನ ಕೈಗೆ ಹೋಗಲಿ. ಹಳೆಯದೆಂಬ ಒಂದೇ ಕಾರಣಕ್ಕೆ ಇಟ್ಟುಕೊಳ್ಳುವುದೂ, ಹಳೆಯದೆಂಬ ಒಂದೇ ಕಾರಣಕ್ಕೆ ಬಿಸಾಡುವುದೂ ವಿಚಾರವಿಲ್ಲದ ಕೆಲಸಗಳೇ. ಅದರಿಂದ ಇನ್ನು ಯಾವ ಸೇವೆ ಆಗಬಲ್ಲದು, ಆ ಸೇವೆಗೆ ಏನು ಸಾಕು ಎಂದು ಕೇಳಿ ಅಷ್ಟನ್ನೇ ಮಾಡುವವನು ತನ್ನ ಹಣಕ್ಕೂ ನೆಲಕ್ಕೂ ನ್ಯಾಯವನ್ನು ಸಲ್ಲಿಸಿದಂತಾಗುವುದು.